ಮೂವತ್ತಮೂರು ಲೀಟರ್

ನೀರು ಸರಬರಾಜು ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ಮನೆಮನೆಯ ಮೀಟರ್ ಓದಿದ ಆ ಹೆಂಗಸನ್ನು ಅವಳ ಪಾಲಿನ ಬೀದಿಗಳ ಜನ ಲೀಟರಮ್ಮ ಎಂದು ಕರೆಯುತ್ತಿದ್ದರು. ಯಾರು ಇಟ್ಟ ಹೆಸರೋ, ಕಚೇರಿಯವರೂ ಅದನ್ನೇ ಹಿಡಿದುಕೊಂಡರು. ಗಂಡ ಮಾತ್ರ ಅವಳನ್ನು ಪುಕ್ಕಲಿ ಎನ್ನುತ್ತಿದ್ದ. ಎರಡೂ ಸುಳ್ಳಲ್ಲ.

ಅವಳಿಗೆ ಹೆದರಿಕೆ ಹುಟ್ಟಿನಿಂದ ಬಂದದ್ದು. ಮೀಟರ್ ಇರುವ ಗುಂಡಿಯ ಮುಚ್ಚಳ ಎತ್ತುವಾಗಲೆಲ್ಲ ಒಳಗೆ ಹಾವಿದ್ದರೆ ಎಂದು ಎದೆ ಡವಡವ ಎನ್ನುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಕಪ್ಪೆ, ಜಿರಲೆ, ಒಮ್ಮೆ ಯಾರದ್ದೋ ಕಟ್ಟಿಸಿದ ಹಲ್ಲುಸೆಟ್ಟು ಸಿಕ್ಕಿದ್ದು ಬಿಟ್ಟರೆ ಹಾವು ಸಿಕ್ಕಿರಲಿಲ್ಲ. ಆದರೂ ಕೊನೆಯ ದಿನದ ಕೊನೆಯ ಮುಚ್ಚಳವನ್ನೂ ಅವಳು ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಎತ್ತಿದಳು. ಗೇಟಿನೊಳಗೆ ನಾಯಿ ಇದೆಯೇ ಎಂದು ಕೇಳದೆ ಒಂದು ಮನೆಗೂ ಕಾಲಿಟ್ಟವಳಲ್ಲ. ಹೆದರಿಕೊಂಡೇ ಹೋದಳು, ಹೆದರಿಕೊಂಡೇ ಓದಿದಳು, ಆದರೆ ಒಂದು ದಿನವೂ ಒಂದು ಮನೆಯನ್ನೂ ಬಿಟ್ಟು ಬರಲಿಲ್ಲ. ಮೀಟರಿನ ಗಾಜು ಒರೆಸಿ ಅಂಕಿ ಕಂಡಾಗ ಮಾತ್ರ ಅವಳ ಉಸಿರು ಹದಕ್ಕೆ ಬರುತ್ತಿತ್ತು. ಅಂಕಿ ಕಚ್ಚುವುದಿಲ್ಲ ಎಂದು ಹೇಳಿಕೊಂಡು ನಗುತ್ತಿದ್ದಳು.

ಗಂಡ ಮೂವತ್ತೊಂದು ವರ್ಷ ಊರೊಳಗಿನ ಬಸ್ಸು ಓಡಿಸಿದವನು. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಮಗಳು ಮದುವೆಯಾಗಿ ಅದೇ ಊರಿನ ಆಚೆ ತುದಿಯಲ್ಲಿದ್ದಳು. ಆರು ತಿಂಗಳು ಕಿಟಕಿ ಪಕ್ಕ ಕೂತು ಬೀದಿಯ ಬಸ್ಸುಗಳ ಬ್ರೇಕಿನ ಸದ್ದಿಗೆ ಮುಖ ಸಿಂಡರಿಸಿದ ಮೇಲೆ ಗಂಡ ಒಂದು ದಿನ ಹಳೆಯ ಮಿನಿಬಸ್ಸೊಂದನ್ನು ಮನೆ ಮುಂದೆ ತಂದು ನಿಲ್ಲಿಸಿದ.

"ಇದು ಬಸ್ಸಲ್ಲ ಕಣೇ, ಮನೆ. ಇನ್ನು ಮೂರು ತಿಂಗಳು ತಡಿ, ನೋಡು," ಎಂದ.

ಮೂರು ತಿಂಗಳು ಅಂದದ್ದು ಎಂಟು ತಿಂಗಳಾಯಿತು. ಸೀಟುಗಳನ್ನು ಕಿತ್ತು, ಮಡಿಸುವ ಮಂಚ, ಎರಡು ಒಲೆಯ ಅಡುಗೆಕಟ್ಟೆ, ನೆಲದಡಿ ನೂರಿಪ್ಪತ್ತು ಲೀಟರಿನ ಟ್ಯಾಂಕು, ಬ್ಯಾಟರಿಯಿಂದ ಓಡುವ ಪಂಪು, ಹಿಂದಿನ ಮೂಲೆಯಲ್ಲಿ ಬಟ್ಟೆ ಬೀರುವಿನಷ್ಟು ಅಗಲದ ಸ್ನಾನದ ಕೋಣೆ ಎಲ್ಲ ಬಂದವು. ವೆಲ್ಡಿಂಗ್ ಕೆಲಸ ಮಾಡಿಕೊಟ್ಟವನು ಲೀಟರಮ್ಮನ ಸ್ವಂತ ತಮ್ಮ. ಸ್ನಾನದ ಕೋಣೆಯೊಳಗೇ ಗ್ಯಾಸ್ ಗೀಸರ್ ತೂಗುಹಾಕುತ್ತೇನೆ ಎಂದು ಭಾವ ಹೊರಟಾಗ ಅವನು ಬೇಡ ಎಂದ.

"ಹೊರಗಡೆ ಹಾಕೋಣ ಭಾವ. ಇಷ್ಟು ಚಿಕ್ಕ ಜಾಗದಲ್ಲಿ ಬೆಂಕಿ ಉರಿದ್ರೆ ಒಳ್ಳೇದಲ್ಲ."

"ಮೂವತ್ತೊಂದು ವರ್ಷ ಇಂಜಿನ್ ಪಕ್ಕ ಕೂತಿದ್ದವನಿಗೆ ನೀನು ಹೇಳಿಕೊಡ್ತೀಯೇನೋ?"

ಭಾವನ ಎದುರು ಎಷ್ಟು ವಾದಿಸಿಯಾನು? ಕೊನೆಗೆ ಗೀಸರನ್ನು ಒಳಗೇ ತೂಗುಹಾಕಿ, ಅದರ ಮೇಲಿನ ಚಾವಣಿಯಲ್ಲಿ ಒಂದು ಕಿಂಡಿ ಕೊರೆದು, ಜಾಲರಿ ಹಾಕಿ, ಅಕ್ಕನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಏನೇ ಆದ್ರೂ ಈ ಕಿಂಡಿ ಮುಚ್ಚೋಕೆ ಬಿಡಬೇಡ," ಎಂದು ಹೇಳಿ ಹೋದ.

ಮೊದಲ ಪ್ರವಾಸದ ಮೂರನೆಯ ದಿನವೇ ನೀರು ಕೈಕೊಟ್ಟಿತು. ಆಚೀಚೆ ಮನೆಯಿಲ್ಲ, ಮರವಿಲ್ಲ, ಕಣ್ಣು ಹಾಯಿಸಿದಷ್ಟೂ ಒಣಹುಲ್ಲಿನ ಬಯಲು. ಲೀಟರಮ್ಮ ತಲೆಗೆ ಶಾಂಪೂ ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ ಪಂಪು ಗಂಟಲು ಹರಿದುಕೊಂಡವರಂತೆ ಕಿರುಚಿತು. ಒಂದು ಹನಿ ಬೀಳಲಿಲ್ಲ. ಟ್ಯಾಂಕಿಗೆ ಇದ್ದದ್ದು ಒಂದೇ ದೀಪ. ಅದು ನೀರು ಮುಗಿದ ಮೇಲೆ ಉರಿಯುತ್ತಿತ್ತು. ಕಣ್ಣುರಿಯಲ್ಲಿ ಟವೆಲ್ಲು ಹುಡುಕುತ್ತ, ಕುಡಿಯುವುದಕ್ಕೆ ಎಷ್ಟು ಉಳಿದಿದೆ, ಗಾಡಿ ಕೆಟ್ಟರೆ ಎಷ್ಟು ದಿನ, ಎಂದೆಲ್ಲ ಒಂದೇ ಉಸಿರಿನಲ್ಲಿ ಯೋಚಿಸಿದಳು. ನಿಜಕ್ಕೆ ಕುಡಿಯುವ ನೀರಿನ ಎರಡು ಕ್ಯಾನು ಮಂಚದ ಕೆಳಗೆ ತುಂಬಿಯೇ ಇದ್ದವು. ಆದರೆ ಹೆದರಿಕೆ ಹೊಕ್ಕಿದ್ದು ಹೊಕ್ಕಿತು.

ಊರಿಗೆ ಬಂದವಳೇ ಹಳೆಯ ಕಚೇರಿಯ ರಿಪೇರಿ ವಿಭಾಗಕ್ಕೆ ಹೋಗಿ, ಬಳಕೆಯಿಂದ ತೆಗೆದಿಟ್ಟಿದ್ದ ಅಂಗೈಯಗಲದ ಹಿತ್ತಾಳೆ ಮೀಟರೊಂದನ್ನು ಕೇಳಿ ತಂದಳು. ಸ್ನಾನದ ಕೋಣೆಗೆ ಹೋಗುವ ಕೊಳವೆಗೆ ಅದನ್ನು ಕೂಡಿಸಿ, ಬಾಗಿಲಿನ ಹೊರಗೆ, ಊಟದ ಬೆಂಚಿನ ಮೇಲೆ ಕೂತರೆ ಕಣ್ಣಿಗೆ ನೇರ ಬರುವ ಹಾಗೆ ತಮ್ಮ ಜೋಡಿಸಿಕೊಟ್ಟ. ಅದರಲ್ಲಿ ಒಂದು ಕೆಂಪು ಮುಳ್ಳು. ಒಂದು ಸುತ್ತು ಬಂದರೆ ಹತ್ತು ಲೀಟರ್. ಪಕ್ಕದಲ್ಲಿ ನಕ್ಷತ್ರದ ಆಕಾರದ ಪುಟ್ಟ ಚಕ್ರ. ನೀರು ಎಳೆಯಷ್ಟು ಹರಿದರೂ ಅದು ಗಿರಗಿರನೆ ತಿರುಗುತ್ತಿತ್ತು.

ಅವಳು ಮೀಟರನ್ನೇ ಮೊದಲು ಪರೀಕ್ಷೆಗಿಟ್ಟಳು. ಒಂದು ಲೀಟರಿನ ಜಗ್ಗಿನಲ್ಲಿ ಹತ್ತು ಸಲ ಹಿಡಿದು ಮುಳ್ಳು ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಹತ್ತು ಲೀಟರಿನ ಬಕೆಟ್ಟನ್ನು ಷವರಿನ ಕೆಳಗಿಟ್ಟು ಗಡಿಯಾರ ಹಿಡಿದು ಕೂತಳು. ತುಂಬಲು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಅಂದರೆ ನಿಮಿಷಕ್ಕೆ ಮೂರು ಲೀಟರ್. ಬಿಸಿನೀರು ಬರುವ ಮೊದಲು ತಣ್ಣಗೆ ಹರಿದುಹೋಗುವುದು ಒಂದೂಕಾಲು ಲೀಟರ್. ಅದನ್ನು ಡಬ್ಬದಲ್ಲಿ ಹಿಡಿದು ಪಾತ್ರೆ ತೊಳೆಯಲು ಇಟ್ಟುಕೊಳ್ಳಬೇಕು. ಮೈ ಒದ್ದೆ ಮಾಡಿಕೊಳ್ಳಲು ಎರಡು ಲೀಟರ್. ನಲ್ಲಿ ನಿಲ್ಲಿಸಿ ಸೋಪು. ತೊಳೆದುಕೊಳ್ಳಲು ನಾಲ್ಕೋ ಐದೋ. ಅವಳದ್ದು ಎಂಟರಲ್ಲಿ ಮುಗಿಯುತ್ತಿತ್ತು. ಗಂಡನದ್ದು ಎಷ್ಟು ಬಿಗಿಹಿಡಿದರೂ ಹದಿಮೂರಕ್ಕಿಂತ ಕಡಿಮೆಯಾಗಲಿಲ್ಲ.

"ನನ್ನ ಮೈ ನಿನ್ನ ಮೈಗಿಂತ ದೊಡ್ಡದು ಕಣೇ, ಅದನ್ನೂ ಅಳತೆ ಮಾಡ್ಕೋ," ಎನ್ನುತ್ತಿದ್ದ.

ನೀಲಿ ರಟ್ಟಿನ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಳು. ಎರಡು ತಿಂಗಳಲ್ಲಿ ಮುಳ್ಳು ನೋಡಿಯೇ ಗಂಡ ಒಳಗೆ ಏನು ಮಾಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಸ್ವಲ್ಪ ಓಡಿ ನಿಂತರೆ ಮೈ ಒದ್ದೆಯಾಯಿತು. ಆಮೇಲೆ ಎರಡು ಸಲ ತಟಕ್ ತಟಕ್ ಎಂದು ಓಡಿದರೆ ಕಣ್ಣಿಗೆ ಸೋಪು ಹೋಯಿತು. ಗಂಡನಿಗೆ ಇದು ಮೊದಮೊದಲು ತಮಾಷೆ. ಬರಬರುತ್ತ ಕಿರಿಕಿರಿ.

ನಾಲ್ಕನೆಯ ಪ್ರವಾಸ ಎತ್ತರದ ಬಯಲಿಗೆ. ಒಂದು ನಲ್ಲಿಗೂ ಇನ್ನೊಂದು ನಲ್ಲಿಗೂ ಮೂರು ದಿನದ ದಾರಿ. ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಎರಡನೆಯ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಲೀಟರಮ್ಮ ಎದ್ದು ನೋಡಿದರೆ ಗಾಜಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿದೆ, ಗಾಳಿ ಗಾಡಿಯನ್ನು ಹಿಡಿದು ಅಲ್ಲಾಡಿಸುತ್ತಿದೆ. ಪುಸ್ತಕ ತೆರೆದು ಲೆಕ್ಕ ಹಾಕಿದಳು. ಟ್ಯಾಂಕಿನಲ್ಲಿ ಐವತ್ತೆಂಟು ಲೀಟರ್ ಉಳಿದಿರಬೇಕು. ಹಿಂದಿನ ದಿನ ಗಂಡ ಹತ್ತೊಂಬತ್ತು ಲೀಟರ್ ಸುರಿದುಕೊಂಡಿದ್ದ.

"ರೀ, ಇವತ್ತು ಸ್ನಾನ ಬಿಟ್ಬಿಡಿ. ಇಲ್ಲಾಂದ್ರೆ ಹತ್ತರಲ್ಲಿ ಮುಗಿಸಿ."

ಗಂಡ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. "ಮೂಳೆಯೆಲ್ಲ ಚಳಿ ಹಿಡಿದಿದೆ. ಬಿಸಿನೀರು ಬೀಳದೆ ಸ್ಟೇರಿಂಗ್ ಹಿಡಿಯೋಕಾಗಲ್ಲ."

"ನೀರು ಮುಗಿದ್ರೆ ಏನ್ ಮಾಡ್ತೀರಿ? ಈ ಬಯಲಲ್ಲಿ ಯಾರನ್ನ ಕೇಳ್ತೀರಿ?"

"ನಿನಗೆ ನೀರು ಮುಗಿಯೋದೇ ಚಿಂತೆ, ನಾನು ಮುಗಿದ್ರೂ ಪರವಾಗಿಲ್ಲ. ಬಸ್ಸಲ್ಲಿ ನಿಮಿಷ ಎಣಿಸಿ ಎಣಿಸಿ ಸಾಕಾಗಿದೆ. ಇಲ್ಲಿ ಹೆಂಡತಿ ಲೀಟರ್ ಎಣಿಸ್ತಾಳೆ. ಇವತ್ತು ನಾನು ನಲ್ಲಿ ನಿಲ್ಲಿಸಲ್ಲ, ಮನುಷ್ಯರ ಥರ ಸ್ನಾನ ಮಾಡ್ತೀನಿ. ನೀನು ಆ ಮುಳ್ಳು ನೋಡ್ತಾ ಕೂತಿರು!"

ದಢಾರನೆ ಬಾಗಿಲು ಬಿತ್ತು. ಒಳಗಿನಿಂದ ಚಿಲಕ ಸರಿದ ಸದ್ದು. ಗೀಸರ್ ಭುಸ್ ಎಂದು ಹತ್ತಿಕೊಂಡಿತು.

ಲೀಟರಮ್ಮನ ಮುಖ ಬಿಗಿಯಿತು. ಸರಿ, ನೋಡ್ತಾನೇ ಇರ್ತೀನಿ ಎಂದುಕೊಂಡು ಪೆನ್ನು ಹಿಡಿದು ಬೆಂಚಿನ ಮೇಲೆ ಕೂತಳು. ಮುಳ್ಳು ಓಡತೊಡಗಿತು. ಐದು. ಎಂಟು. ನಿಲ್ಲಲಿಲ್ಲ. ಹತ್ತು ದಾಟಿ ಎರಡನೆಯ ಸುತ್ತಿಗೆ ಬಿತ್ತು. ಹದಿಮೂರು. ಹದಿನೈದು. ಬೇಕೆಂತಲೇ ಮಾಡುತ್ತಿದ್ದಾನೆ ಎಂದು ಅವಳ ಮೂಗಿನ ಹೊಳ್ಳೆ ಅರಳಿತು. ಕೂಗಿದರೆ ಗೆದ್ದೆ ಎಂದುಕೊಳ್ಳುತ್ತಾನೆ. ಕೂಗುವುದಿಲ್ಲ. ಹದಿನೆಂಟು. ನೀರು ಖಾಲಿಯಾಗಲಿ, ಆಮೇಲೆ ಇವರೇ ಡಬ್ಬ ಹಿಡಿದು ಹೊರಲಿ. ಇಪ್ಪತ್ತು. ಸಿಟ್ಟಿನ ಅಡಿಯಲ್ಲಿ ಹಳೆಯ ಹೆದರಿಕೆ ಹೆಡೆಯೆತ್ತಿತು. ಈ ಲೆಕ್ಕದಲ್ಲಿ ನಾಳೆ ಮಧ್ಯಾಹ್ನಕ್ಕೆ ಟ್ಯಾಂಕು ಬರಿದು. ಇಪ್ಪತ್ತೆರಡು. ಅವಳಿಗೆ ತಲೆ ಯಾಕೋ ಭಾರವಾಗಿತ್ತು, ಹಣೆಯ ಎರಡೂ ಕಡೆ ಮಿಡಿಯುತ್ತಿತ್ತು. ಸಿಟ್ಟಿಗೆ ಎಂದುಕೊಂಡಳು.

ಇಪ್ಪತ್ತಾರಕ್ಕೆ ಬಂದಾಗ ಅವಳ ಪೆನ್ನು ನಿಂತಿತು.

ಏನೋ ಸರಿಯಿಲ್ಲ. ಕಣ್ಣಿಗೆ ಕಂಡದ್ದಲ್ಲ, ಕಿವಿಗೆ ಬಿದ್ದದ್ದು. ಷವರಿನ ಕೆಳಗೆ ಮನುಷ್ಯ ನಿಂತಿದ್ದರೆ ನೀರಿನ ಸದ್ದು ಕ್ಷಣಕ್ಕೊಂದು ಥರ ಇರುತ್ತದೆ. ತಲೆ ಬಗ್ಗಿಸಿದರೆ ಒಂದು ಸದ್ದು, ಕೈ ಎತ್ತಿದರೆ ಇನ್ನೊಂದು, ಬೆನ್ನು ತಿರುಗಿಸಿದರೆ ಮತ್ತೊಂದು. ಈಗ ಕೇಳುತ್ತಿದ್ದದ್ದು ಒಂದೇ ಸಮನೆ, ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ. ಯಾವಾಗಿನಿಂದ ಹೀಗಿದೆ? ಅವಳು ಮುಳ್ಳು ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

"ರೀ?"

ನೀರಿನ ಸದ್ದು.

"ರೀ! ಸಾಕು ಬನ್ನಿ, ಆಯ್ತು, ನಾನು ಸೋತೆ. ರೀ!"

ಬಾಗಿಲು ಬಡಿದಳು. ಅಂಗೈಯಿಂದ, ಆಮೇಲೆ ಮುಷ್ಟಿಯಿಂದ. ಒಳಗಿನಿಂದ ಬೈಗುಳವಾದರೂ ಬರಲಿ ಎಂದು ಕಿವಿಯಿಟ್ಟಳು. ಬಾಗಿಲಿನ ತಗಡು ಬೆಚ್ಚಗಿತ್ತು. ಆಗ ಅವಳ ಕಣ್ಣ ಮುಂದೆ ಬಂದದ್ದು ತಮ್ಮನ ಮುಖ, ಅವನು ಬೆರಳು ಮಾಡಿ ತೋರಿಸಿದ ಚಾವಣಿಯ ಕಿಂಡಿ. ನಿನ್ನೆ ರಾತ್ರಿ ಮಲಗುವ ಮುಂಚೆ ಗಂಡ, "ಅಲ್ಲಿಂದ ಗಾಳಿ ಈಟಿ ಥರ ಬರ್ತಿದೆ," ಎಂದು ಗೊಣಗಿದ್ದ. ಆಮೇಲೆ ಗಾಳಿ ಬಂದಿರಲಿಲ್ಲ.

ಜೀವ ಬಾಯಿಗೆ ಬಂತು. ಮೊದಲು ಗ್ಯಾಸು. ಅಡುಗೆಕಟ್ಟೆಯ ಕೆಳಗಿನ ಸಿಲಿಂಡರಿನ ತಿರುಪನ್ನು ಎರಡೂ ಕೈಯಿಂದ ಮುಚ್ಚಿದಳು. ಗಾಡಿಯ ಬಾಗಿಲನ್ನು ಹಾರಹೊಡೆದಳು. ಗಾಳಿ ಒಳನುಗ್ಗಿ ನೀಲಿ ಪುಸ್ತಕ ಎಲ್ಲೋ ಹಾರಿಬಿತ್ತು. ಡ್ರೈವರ್ ಸೀಟಿನ ಹಿಂದೆ ಚಕ್ರ ಬಿಚ್ಚುವ ಕಬ್ಬಿಣದ ಸರಳಿತ್ತು. ಅದರ ಚಪ್ಪಟೆ ತುದಿಯನ್ನು ಬಾಗಿಲ ಸಂದಿಗೆ ತೂರಿಸಿ ಮೈಯ ಭಾರವನ್ನೆಲ್ಲ ಹಾಕಿದಳು. ಜಾರಿತು. ಮತ್ತೆ ತೂರಿಸಿದಳು. ಮೊಣಕೈ ತಗಡಿಗೆ ತಾಗಿ ಚರ್ಮ ಕಿತ್ತುಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮೂರನೆಯ ಸಲಕ್ಕೆ ಚಿಲಕ ಪಟಾರನೆ ಕಿತ್ತು ಒಳಗೆ ಬಿತ್ತು.

ಗಂಡ ಮೂಲೆಗೆ ಒರಗಿ ಕೂತಿದ್ದ. ಗಲ್ಲ ಎದೆಗೆ ಇಳಿದಿತ್ತು. ಈಗ ತಣ್ಣಗಾಗುತ್ತಿದ್ದ ನೀರು ಅವನ ಹೆಗಲಿನ ಮೇಲೆ, ಅಲುಗಾಡದ ಹೆಗಲಿನ ಮೇಲೆ, ಬೀಳುತ್ತಲೇ ಇತ್ತು. ಕೆನ್ನೆ ಆರೋಗ್ಯವಂತನ ಕೆನ್ನೆಯ ಹಾಗೆ ಕೆಂಪಗಿತ್ತು. ಆ ಕೆಂಪೇ ಅವಳನ್ನು ಎಲ್ಲಕ್ಕಿಂತ ಹೆದರಿಸಿತು. ಚಾವಣಿಯ ಕಿಂಡಿಯಲ್ಲಿ ಅವನ ಹಳೆಯ ಬನಿಯನ್ನು ಉಂಡೆ ಮಾಡಿ ತುರುಕಿದ್ದು ಕಂಡಿತು.

ನಲ್ಲಿ ಮುಚ್ಚಿದಳು. ಮೀಟರು ನಿಂತಿತು. ಇಪ್ಪತ್ತೇಳು ವರ್ಷದ ಅಭ್ಯಾಸ, ಕಣ್ಣು ತಾನಾಗಿ ಅತ್ತ ಹೋಯಿತು. ಮೂವತ್ತಮೂರು.

ಅವನ ಕಂಕುಳಿಗೆ ಕೈ ಹಾಕಿ ಎಳೆದಳು. ಒದ್ದೆ ಮೈ, ಎಂಬತ್ತೆರಡು ಕಿಲೋ. ಅವಳು ಐವತ್ತು ಇದ್ದರೆ ಹೆಚ್ಚು. ಎಳೆದಳು, ಬಿದ್ದಳು, ಎದ್ದು ಮತ್ತೆ ಎಳೆದಳು. ನೆಲದ ಚಾಪೆ ಸಮೇತ ಎಳೆದು ತಲೆ ಬಾಗಿಲ ಹೊಸ್ತಿಲಿಗೆ, ಗಾಳಿಗೆ, ಬರುವ ಹಾಗೆ ಮಲಗಿಸಿದಳು. ಮೂಗಿನ ಹತ್ತಿರ ಬೆರಳಿಟ್ಟಳು. ಹೊರಗಿನ ಗಾಳಿಯೋ ಅವನ ಉಸಿರೋ ತಿಳಿಯಲಿಲ್ಲ. ಎದೆಗೆ ಕಿವಿಯಿಟ್ಟಳು. ತನ್ನ ಗುಂಡಿಗೆಯ ಸದ್ದೇ ಕೇಳಿ ಹೆದರಿದಳು. ಕೊನೆಗೆ ಕೈಗನ್ನಡಿ ತಂದು ಬಾಯಿಗೆ ಹಿಡಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗಾಜು ತುಸು ಮಸುಕಾಯಿತು.

"ಅಯ್ಯೋ, ಇದ್ದಾರೆ," ಎಂದು ಯಾರಿಗೋ ಹೇಳುವಂತೆ ಹೇಳಿದಳು.

ಫೋನಿಗೆ ಸಿಗ್ನಲ್ ಇರಲಿಲ್ಲ. ರಸ್ತೆಗೆ ಓಡಿ ಎರಡೂ ಕಡೆ ನೋಡಿದಳು. ಹೊಗೆಯಿಲ್ಲ, ಧೂಳಿಲ್ಲ, ಒಂದು ನರಪಿಳ್ಳೆಯಿಲ್ಲ. ಹಿಂದಿನ ದಿನ ದಾಟಿದ ಊರಿನಲ್ಲಿ ಆಸ್ಪತ್ರೆಯ ಫಲಕ ನೋಡಿದ್ದು ನೆನಪಿತ್ತು. ಮೂವತ್ತೆಂಟು ಕಿಲೋಮೀಟರ್. ಕೊನೆಯ ಹನ್ನೆರಡು ಇಳಿಜಾರು, ತಿರುವಿನ ಮೇಲೆ ತಿರುವು.

ಗಂಡ ಅವಳಿಗೆ ಖಾಲಿ ಮೈದಾನದಲ್ಲಿ ನಾಲ್ಕು ದಿನ ಗಾಡಿ ಕಲಿಸಿದ್ದ. ನಾಲ್ಕನೆಯ ದಿನ ಅವಳು ಕೀಲಿ ಅವನ ಕೈಗೆ ಕೊಟ್ಟು, "ನನ್ನ ಕೈಲಾಗಲ್ಲ, ಇದು ನನ್ನನ್ನೇ ಎಳ್ಕೊಂಡು ಹೋಗುತ್ತೆ," ಎಂದು ಇಳಿದು ನಡೆದು ಮನೆಗೆ ಬಂದಿದ್ದಳು. ಈಗ ಇಳಿದು ಹೋಗಲು ಎಲ್ಲಿಗೆ?

ಅವನನ್ನು ಹೊಸ್ತಿಲಿನಿಂದ ಒಳಗೆ ಎಳೆದು ಬಾಗಿಲು ಹಾಕಿ, ಎರಡು ಕಂಬಳಿ ಹೊದಿಸಿ, ಉರುಳದಂತೆ ದಿಂಬುಗಳನ್ನು ಆಚೀಚೆ ಒತ್ತಿ, ಎಲ್ಲ ಕಿಟಕಿ ತೆರೆದಿಟ್ಟು ಸೀಟಿಗೆ ಹತ್ತಿದಳು. ಕಾಲು ಪೆಡಲಿಗೆ ಸರಿಯಾಗಿ ನಿಲುಕಲಿಲ್ಲ. ತುದಿಗೆ ಜರುಗಿ ಕೂತಳು. ಎರಡು ಸಲ ಇಂಜಿನ್ ನಿಂತುಹೋಯಿತು. ಮೂರನೆಯ ಸಲ ಗಾಡಿ ಕಪ್ಪೆಯಂತೆ ಕುಪ್ಪಳಿಸಿ ರಸ್ತೆಗೆ ಬಿತ್ತು.

ಬಯಲಿನಲ್ಲಿ ಹೇಗೋ ಆಯಿತು. ಇಳಿಜಾರಿನ ಮೊದಲ ತಿರುವು ಕಂಡಾಗ ಅವಳಿಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ಎಡಕ್ಕೆ ಬಂಡೆ, ಬಲಕ್ಕೆ ಬರೀ ಆಕಾಶ. ಹಿಂದೆ ತಿರುಗಿ ನೋಡಿದರೆ ಗಾಡಿ ಹೋಗುತ್ತದೆ, ನೋಡದಿದ್ದರೆ ಅವನು ಇದ್ದಾನೋ ಇಲ್ಲವೋ ತಿಳಿಯುವುದಿಲ್ಲ. "ರೀ, ಮಾತಾಡಿ. ಬೈಯಿರಿ. ಏನಾದ್ರೂ ಅನ್ನಿ," ಎಂದು ಕನ್ನಡಿಗೆ ಹೇಳುತ್ತ, ಅಳುತ್ತ, ಮೂಗು ಹೆಗಲಿಗೆ ಒರೆಸಿಕೊಳ್ಳುತ್ತ ಓಡಿಸಿದಳು. ನಾಲ್ಕನೆಯ ತಿರುವಿನಲ್ಲಿ ಗೇರು ಇಳಿಸಲು ಹೋಗಿ ಹಲ್ಲುಚಕ್ರಗಳು ಕರಕರ ಎಂದು ಭೀಕರವಾಗಿ ಅರಚಿದವು.

ಹಿಂದಿನಿಂದ ತೊದಲುವ ಸ್ವರವೊಂದು ಬಂತು.

"ಕ್ಲಚ್ಚು... ಪೂರ್ತಿ ಒತ್ತೇ..."

ಅವಳು ಜೋರಾಗಿ ಅತ್ತುಬಿಟ್ಟಳು. "ಒತ್ತಿದೀನಿ ಕಣ್ರೀ! ಕಾಲು ನಿಲುಕಲ್ಲ!"

ವಾಂತಿ ಮಾಡಿಕೊಂಡ ಸದ್ದು ಬಂತು, ಆಮೇಲೆ ನರಳಿಕೆ, ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿನ ಹಿಂದೆ ಹುಟ್ಟಿದ ಧೈರ್ಯ ಅಷ್ಟೇ ಬೇಗ ಸತ್ತಿತು. ಉಳಿದ ದಾರಿ ಹೇಗೆ ಇಳಿದಳೋ ಅವಳಿಗೆ ಎಂದೂ ನೆನಪಾಗಲಿಲ್ಲ. ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿದ್ದು ಬ್ರೇಕಿನಿಂದಲ್ಲ, ಹೂಕುಂಡಗಳ ಸಾಲಿಗೆ ಗುದ್ದಿ.

ಹದಿನೈದು ಹಾಸಿಗೆಯ ಚಿಕ್ಕ ಆಸ್ಪತ್ರೆ ಅದು. ವೈದ್ಯೆ ಮಗಳ ವಯಸ್ಸಿನವಳು, ದಪ್ಪ ಕನ್ನಡಕ. ಗಂಡನ ಮುಖಕ್ಕೆ ಆಮ್ಲಜನಕದ ಮುಖವಾಡ ಬಿಗಿದು, ರೆಪ್ಪೆ ಎತ್ತಿ ನೋಡಿ, ಅವಳ ಕಡೆ ತಿರುಗಿದಳು.

"ಗೀಸರ್ ಹೊಗೆಯ ವಿಷ. ಬಣ್ಣ ಇಲ್ಲ, ವಾಸನೆ ಇಲ್ಲ. ಎಷ್ಟು ಹೊತ್ತು ಒಳಗಿದ್ರು ಅಮ್ಮಾ? ಸುಮಾರಾಗಿ ಹೇಳಿ."

"ಗಡಿಯಾರ ನೋಡಲಿಲ್ಲ," ಎಂದಳು ಲೀಟರಮ್ಮ. "ಮೂವತ್ತಮೂರು ಲೀಟರ್."

"ಏನು?"

"ನಲ್ಲಿ ಒಂದ್ಸಲಾನೂ ನಿಲ್ಲಿಸಿಲ್ಲ. ನಿಮಿಷಕ್ಕೆ ಮೂರು ಲೀಟರ್. ಹನ್ನೊಂದು ನಿಮಿಷ. ಇಪ್ಪತ್ತಾರರಲ್ಲಿ ನಾನು ಕೂಗಿದೆ, ಆಗ ಉತ್ತರ ಇರಲಿಲ್ಲ. ಅಂದ್ರೆ ಅದಕ್ಕೆ ಮುಂಚೆನೇ ಬಿದ್ದಿದಾರೆ. ಗ್ಯಾಸು ಮುಚ್ಚಿದ್ದು ಇಪ್ಪತ್ತೆಂಟಕ್ಕೋ ಏನೋ."

ವೈದ್ಯೆ ಕಾಗದದಲ್ಲಿ ಹನ್ನೊಂದು ನಿಮಿಷ ಎಂದು ಬರೆದುಕೊಂಡಳು. "ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿಲ್ಲ," ಎಂದಳು. ಆಮೇಲೆ ಲೀಟರಮ್ಮನ ಬೆರಳಿಗೂ ಒಂದು ಕ್ಲಿಪ್ಪು ಸಿಕ್ಕಿಸಿ, ಅವಳನ್ನೂ ಪಕ್ಕದ ಹಾಸಿಗೆಯಲ್ಲಿ ಮಲಗಿಸಿ, ಅವಳ ಮುಖಕ್ಕೂ ಒಂದು ಮುಖವಾಡ ಹಾಕಿದಳು. ತಲೆಭಾರ ಸಿಟ್ಟಿನದ್ದಾಗಿರಲಿಲ್ಲ.

ಆ ಹಾಸಿಗೆಯಲ್ಲಿ ಮಲಗಿ ಅವಳು ಮಾಡಿದ್ದು ಒಂದೇ ಲೆಕ್ಕ. ಹದಿನೈದರಲ್ಲಿ ಅನುಮಾನ ಬರಬೇಕಿತ್ತು. ಇಪ್ಪತ್ತಾರರಲ್ಲಿ ಕೂಗಿದೆ. ನಡುವೆ ಹನ್ನೊಂದು ಲೀಟರ್. ಮೂರು ನಿಮಿಷ ನಲವತ್ತು ಸೆಕೆಂಡು. ಅಷ್ಟೂ ಹೊತ್ತು ಆ ಕಡೆ ಅವನು ಕುಸಿಯುತ್ತಿದ್ದಾಗ ಈ ಕಡೆ ಅವಳು ಪೆನ್ನು ಹಿಡಿದು ಹಲ್ಲು ಕಚ್ಚಿಕೊಂಡು ಕೂತಿದ್ದಳು. ಎಷ್ಟು ಸಲ ಭಾಗಿಸಿದರೂ ಉತ್ತರ ಬದಲಾಗಲಿಲ್ಲ.

ಫೋನಿನಲ್ಲಿ ಸುದ್ದಿ ತಿಳಿದು ಮರುದಿನ ತಮ್ಮ ಬಂದ. ಬಂದವನೇ ಗೀಸರನ್ನು ಕಿತ್ತು ಹೊರಗಿಟ್ಟ. ಭಾವನ ಹಾಸಿಗೆಯ ಪಕ್ಕ ನಿಂತಾಗ ಭಾವ ಗೋಡೆ ಕಡೆ ಮುಖ ಮಾಡಿಕೊಂಡು, "ನೀನು ಹೇಳಿದ್ದೆ," ಎಂದ. "ಈಗ ಅದೆಲ್ಲ ಯಾಕೆ ಭಾವ," ಎಂದು ತಮ್ಮ ಅವನ ಕಾಲಿನ ಮೇಲಿನ ಕಂಬಳಿ ಸರಿಮಾಡಿದ.

ಮೂರನೆಯ ದಿನ ಗಂಡ ಎದ್ದು ಕೂತ. ಆದರೆ ವೈದ್ಯೆ ಎಚ್ಚರಿಸಿದ್ದಳು: ಕೆಲವರಿಗೆ ವಾರಗಳಾದ ಮೇಲೆ ಮರೆವು ಬರುತ್ತದೆ, ನಡಿಗೆ ತಪ್ಪುತ್ತದೆ, ಕಣ್ಣಿಟ್ಟಿರಿ. ಊರಿಗೆ ಬಂದ ಮೇಲೆ ಅವನು ಕನ್ನಡಕ ಎಲ್ಲಿಟ್ಟೆ ಎಂದು ಕೇಳಿದರೆ ಲೀಟರಮ್ಮನ ಕೈಯಿಂದ ಪಾತ್ರೆ ಜಾರುತ್ತಿತ್ತು. ಅವನು ಮೆಟ್ಟಿಲಲ್ಲಿ ಎಡವಿದರೆ ಅವಳು ಕೂಗಿಕೊಳ್ಳುತ್ತಿದ್ದಳು. ಮನೆಯ ಬಚ್ಚಲಿನಲ್ಲಿ ನೀರು ಹರಿಯುವ ಸದ್ದು ಕೇಳಿದರೆ ಸಾಕು, ಓಡಿಬಂದು ಬಾಗಿಲಿಗೆ ಅಂಗೈಯಿಟ್ಟು ನಿಲ್ಲುತ್ತಿದ್ದಳು. ಮಗಳು ಒಂದು ದಿನ ಬಂದವಳು ನೋಡಿ, "ಅಮ್ಮಾ, ಹೀಗೇ ಆದ್ರೆ ನೀನು ಬಿದ್ದೋಗ್ತೀಯ," ಎಂದಳು.

ಅವತ್ತೇ ಸಂಜೆ ಅವಳು ಗಂಡನೆದುರು ಕೂತು ಹೇಳಿದಳು. ಹದಿನೈದರಿಂದ ಇಪ್ಪತ್ತಾರು. ಹನ್ನೊಂದು ಲೀಟರ್. ಮೂರು ನಿಮಿಷ ನಲವತ್ತು ಸೆಕೆಂಡು. ಬೇಕೆಂತಲೇ ಕೂಗಲಿಲ್ಲ, ಸಿಟ್ಟಿಗೆ ಕೂತಿದ್ದೆ. ಹೇಳುವಾಗ ಅವನ ಮುಖ ನೋಡುವ ಧೈರ್ಯವಾಗದೆ ಮೇಜಿನ ಅಂಚು ನೋಡುತ್ತಿದ್ದಳು, ಮೀಟರ್ ಗುಂಡಿಯ ಮುಚ್ಚಳ ಎತ್ತುವಾಗಿನಂತೆ ಮುಖ ಪಕ್ಕಕ್ಕಿತ್ತು.

ಗಂಡ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನಂಗೂ ಒಂದು ಹೇಳಬೇಕು," ಎಂದ. "ತಲೆ ತಿರುಗೋಕೆ ಶುರುವಾದಾಗ ನಂಗೆ ಗೊತ್ತಾಯ್ತು, ಏನೋ ಸರಿಯಿಲ್ಲ ಅಂತ. ಬಾಗಿಲು ತೆಗೀಬಹುದಿತ್ತು. ಈಗಲೇ ಹೊರಗೆ ಬಂದ್ರೆ ನೀನು ಗೆದ್ದೆ ಅಂದ್ಕೊಳ್ತೀಯ ಅಂತ ಇನ್ನೂ ಸ್ವಲ್ಪ ನಿಂತೆ. ಆಮೇಲೆ ಕಾಲು ಕೇಳಲಿಲ್ಲ."

ಅವಳಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಹೆದರಿಕೆಯಾಯಿತು. ಮೂವತ್ತನಾಲ್ಕು ವರ್ಷ ಒಂದೇ ಸೂರಿನಡಿ ಬಾಳಿದವರು ಬಟ್ಟೆ ಬೀರುವಿನಷ್ಟು ಅಗಲದ ಜಾಗಕ್ಕಾಗಿ ಇಬ್ಬರೂ ಇಷ್ಟು ಹಟ ಹಿಡಿದೆವಲ್ಲ ಎಂದುಕೊಂಡಳು. ಅವನ ಕೈ ಹಿಡಿದುಕೊಂಡಳು.

ಮರೆವು ಬರಲಿಲ್ಲ. ಐದು ತಿಂಗಳಾದ ಮೇಲೆ ವೈದ್ಯೆ ಫೋನಿನಲ್ಲಿ, "ಇನ್ನು ಭಯ ಬೇಡ," ಎಂದಳು. ಲೀಟರಮ್ಮನಿಗೆ ಆ ಮಾತಿನಿಂದ ಭಯ ಹೋಗಲಿಲ್ಲ, ಆದರೆ ಗಾಡಿ ಹತ್ತಲು ಒಪ್ಪಿದಳು. ತಮ್ಮ ಹೊಸ ಹೀಟರನ್ನು ಗಾಡಿಯ ಹೊರಗೋಡೆಗೆ ಕೂಡಿಸಿದ್ದ. ಅದು ಹೊರಗಿನ ಗಾಳಿ ಎಳೆದು ಹೊರಗೇ ಬಿಡುತ್ತಿತ್ತು. ವಿಷಗಾಳಿ ಬಂದರೆ ಕೂಗುವ ಯಂತ್ರವೊಂದನ್ನು ಮಂಚದ ಮೇಲ್ಗಡೆಯ ಗೋಡೆಗೆ ಹಾಕಿದ. ಸ್ನಾನದ ಕೋಣೆಗೆ ಚಿಲಕವನ್ನೇ ಇಡಲಿಲ್ಲ. ಸೀಟಿನ ಕೆಳಗೆ ಹಲಗೆ ಕೊಟ್ಟು ಎತ್ತರಿಸಿದ, ಅಕ್ಕನ ಕಾಲು ಕ್ಲಚ್ಚಿಗೆ ನಿಲುಕಲೆಂದು. ಈ ಸಲ ಬಯಲಿನ ದಾರಿಯಲ್ಲಿ ಅರ್ಧ ಅವಳೇ ಓಡಿಸಿದಳು, ಕುತ್ತಿಗೆ ನರ ಬಿಗಿದುಕೊಂಡು, ಗಂಟೆಗೆ ಮೂವತ್ತರಲ್ಲಿ.

ಮೊದಲ ದಿನ ಮಧ್ಯಾಹ್ನ ಗಂಡ ಟವೆಲ್ಲು ಹಿಡಿದು ನಿಂತಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಒಳಗಿದ್ದಷ್ಟು ಹೊತ್ತೂ ಮಾತಾಡ್ತಾ ಇರಬೇಕು," ಎಂದಳು.

"ಏನು ಮಾತಾಡ್ಲಿ ಕಣೇ, ಸೋಪು ಹಚ್ಚಿಕೊಳ್ತಾ?"

"ಏನಾದ್ರೂ. ನಿಲ್ಲಿಸಬೇಡಿ ಅಷ್ಟೇ."

ಬಾಗಿಲು ಮುಚ್ಚಿತು. ನೀರು ಶುರುವಾಯಿತು. ಒಳಗಿನಿಂದ ಗಟ್ಟಿ ಸ್ವರ ಬಂತು. "ಬಸ್ ನಿಲ್ದಾಣ. ಅಂಚೆ ಕಚೇರಿ. ಹೆಣ್ಣುಮಕ್ಕಳ ಶಾಲೆ. ಹಳೇ ಗಿರಣಿ." ಮೂವತ್ತೊಂದು ವರ್ಷ ಅವನು ಓಡಿಸಿದ ದಾರಿಯ ನಿಲ್ದಾಣಗಳು. ಅವಳು ಬೆಂಚಿನ ತುದಿಯಲ್ಲಿ ಕೂತು ಒಂದೊಂದನ್ನೂ ಕೇಳಿಸಿಕೊಂಡಳು. "ತರಕಾರಿ ಮಾರುಕಟ್ಟೆ. ಗಡಿಯಾರದ ವೃತ್ತ. ನ್ಯಾಯಾಲಯ. ರೈಲ್ವೆ ಗೇಟು."

ಅಲ್ಲಿಗೆ ಸ್ವರ ನಿಂತಿತು.

ನೀರಿನ ಸದ್ದು ಮಾತ್ರ. ಅವಳು ಎದ್ದು ನಿಂತಿದ್ದಳು, ಕೈ ಬಾಗಿಲ ಮೇಲಿತ್ತು. "ರೀ! ಯಾಕೆ ನಿಲ್ಲಿಸಿದ್ರಿ? ರೀ!"

"ಗೇಟು ಹಾಕಿದಾರೆ ಕಣೇ," ಎಂದಿತು ಒಳಗಿನ ಸ್ವರ. "ರೈಲು ಬರ್ತಿದೆ."

ಅವಳು ಬಾಗಿಲಿಗೆ ಒಂದು ಗುದ್ದು ಗುದ್ದಿದಳು. "ಪ್ರಾಣ ಹೋಯ್ತು ನಂದು! ಇನ್ನೊಂದ್ಸಲ ಹೀಗೆ ಮಾಡಿದ್ರೆ ನೋಡಿ!" ಎಂದು ಕೂಗಿ, ಅಲ್ಲೇ ನೆಲಕ್ಕೆ ಕುಸಿದು ಕೂತಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಒಳಗೆ ರೈಲು ಹೋಯಿತೆಂದು ಕಾಣುತ್ತದೆ. ಗಂಡ ಮುಂದಿನ ನಿಲ್ದಾಣದ ಹೆಸರು ಕೂಗಿದ, ಅದರ ಮುಂದಿನದ್ದನ್ನು ಕೂಗಿದ. ಅವಳು ಬೆನ್ನನ್ನು ಬಾಗಿಲಿಗೆ ಆನಿಸಿ, ಮೊಣಕಾಲು ತಬ್ಬಿಕೊಂಡು, ಅವನು ಹೊರಬರುವವರೆಗೂ ಅಲ್ಲಿಂದ ಏಳಲಿಲ್ಲ.